ಹಳೇ ಸ್ಪ್ಲೆಂಡರ್‌ಗೆ ಎಲ್‌ಇಡಿ ಬ್ರೇಕ್ ಲೈಟ್: ಯಾವ ಬಲ್ಬ್ ತರಬೇಕು, ಹೇಗೆ ಹಾಕಬೇಕು

ಹೆಡ್‌ಲೈಟ್ ಮಂಕಾದರೆ ಅದೇ ರಾತ್ರಿ ಗೊತ್ತಾಗುತ್ತದೆ. ಹಾರ್ನ್ ಕೆಟ್ಟರೆ ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ. ಬ್ರೇಕ್ ಲೈಟ್ ಮಾತ್ರ ಹಾಗಲ್ಲ. ಅದು ಉರಿಯುತ್ತಿದೆಯೋ ಇಲ್ಲವೋ ಅಂತ ಗಾಡಿ ಓಡಿಸುವವನಿಗೆ ಕಾಣುವುದೇ ಇಲ್ಲ. ಅದಕ್ಕೇ ಜನ ಸಾವಿರಾರು ರೂಪಾಯಿ ಕೊಟ್ಟು ಹೆಡ್‌ಲೈಟ್ ಬದಲಿಸುತ್ತಾರೆ, ಹಿಂದಿನ ಬಲ್ಬನ್ನು ಮರೆತೇಬಿಡುತ್ತಾರೆ.

ನಾನು ಮೂಡಿಗೆರೆ ಕಡೆ ತೋಟಗಳಲ್ಲಿ ಪಂಪ್‌ಸೆಟ್, ಮೋಟಾರ್ ವೈರಿಂಗ್ ಮಾಡುವವನು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಉಜಿರೆ, ಬೆಳ್ತಂಗಡಿವರೆಗೂ ಕೆಲಸಕ್ಕೆ ಹೋಗುತ್ತೇನೆ. ಗಾಡಿ 2008ರ ಹೀರೋ ಹೋಂಡಾ ಸ್ಪ್ಲೆಂಡರ್ ಪ್ಲಸ್, ಕಿಕ್ ಸ್ಟಾರ್ಟ್. ಜುಲೈ ತಿಂಗಳಲ್ಲಿ ಘಾಟಿಯಲ್ಲಿ ಮಂಜು ಇಳಿದರೆ ಹಿಂದೆ ಬರುವ ಬಸ್ಸಿನ ಡ್ರೈವರ್‌ಗೆ ನನ್ನ ಗಾಡಿ ಕಾಣುವುದಿಲ್ಲ, ನಾನೂ ಕಾಣುವುದಿಲ್ಲ. ಒಂದು ಕೆಂಪು ದೀಪ ಕಾಣುತ್ತದೆ, ಅಷ್ಟೇ. ಆ ದೀಪ ನೋಡಿಯೇ ಅವನು ಬ್ರೇಕ್ ಒತ್ತಬೇಕು. ಹಾಗಾಗಿ ಈ ಕೆಲಸವನ್ನು ನಾನು ಶೋಕಿ ಅಂತ ಎಣಿಸುವುದಿಲ್ಲ.

ಎಲ್‌ಇಡಿಯ ದೊಡ್ಡ ಲಾಭ ಬೆಳಕು ಜಾಸ್ತಿ ಅನ್ನುವುದಲ್ಲ. ಬೇಗ ಹತ್ತುತ್ತದೆ ಅನ್ನುವುದು. ಹಳೇ ಬಲ್ಬಿನೊಳಗಿನ ತಂತಿ ಊದಿದ ಕೆಂಡದ ಹಾಗೆ ನಿಧಾನಕ್ಕೆ ಕಾದು ಬೆಳಕು ಕೊಡುತ್ತದೆ. ಪೂರ್ತಿ ಬೆಳಗಲು ಹತ್ತಿರ ಹತ್ತಿರ 0.2 ಸೆಕೆಂಡ್ ಬೇಕು. ಎಲ್‌ಇಡಿಗೆ ಆ ಕಾಯುವಿಕೆ ಇಲ್ಲ. 0.2 ಸೆಕೆಂಡ್ ಏನು ಮಹಾ ಅನ್ನಿಸಬಹುದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ಗಾಡಿ ಒಂದು ಸೆಕೆಂಡಿಗೆ ಸುಮಾರು 16.7 ಮೀಟರ್ ಮುಂದೆ ಬರುತ್ತದೆ. 0.2 ಸೆಕೆಂಡಿಗೆ 3.3 ಮೀಟರ್ ಆಯಿತು. ಒಂದು ಸ್ಪ್ಲೆಂಡರ್‌ನ ಉದ್ದ 2 ಮೀಟರ್. ಒದ್ದೆ ರಸ್ತೆಯಲ್ಲಿ ಇದು ಸಣ್ಣ ಲೆಕ್ಕ ಅಲ್ಲ.

ಆದರೆ ಸಿಕ್ಕಿದ ಎಲ್‌ಇಡಿ ತಂದು ಹಾಕಿದರೆ ಹಳೇ ಬಲ್ಬಿಗಿಂತ ಕಡೆ ಆಗುವ ಸಾಧ್ಯತೆಯೂ ಇದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹಿಂದಿನ ಬಲ್ಬಿನಲ್ಲಿ ಎರಡು ತಂತಿ ಇರುತ್ತವೆ. ಒಂದು ರಾತ್ರಿ ಸದಾ ಉರಿಯುವ ಟೇಲ್ ಲೈಟ್, 5 ವ್ಯಾಟ್. ಇನ್ನೊಂದು ಬ್ರೇಕ್ ಒತ್ತಿದಾಗ ಹತ್ತುವುದು, 21 ವ್ಯಾಟ್. ಈ 21/5 ವ್ಯಾಟ್ ಬಲ್ಬಿನ ಮಾನದಂಡದ ಪ್ರಕಾರ ಬ್ರೇಕ್ ತಂತಿ 440 ಲುಮೆನ್ ಬೆಳಕು ಕೊಡಬೇಕು, ಟೇಲ್ ತಂತಿ 35 ಲುಮೆನ್. ಅಂದರೆ ಬ್ರೇಕ್ ಒತ್ತಿದಾಗ ಬೆಳಕು ಹತ್ತು ಪಟ್ಟಿಗೂ ಮೀರಿ ಏರುತ್ತದೆ. ಹಿಂದಿನವನ ಕಣ್ಣು ಹಿಡಿಯುವುದು ಈ ಏರಿಕೆಯನ್ನೇ. ಅಗ್ಗದ ಎಲ್‌ಇಡಿ ಬಲ್ಬುಗಳು ಟೇಲ್ ಲೈಟಿನಲ್ಲೇ ಜೋರಾಗಿ ಉರಿಯುತ್ತವೆ. ಬ್ರೇಕ್ ಒತ್ತಿದರೆ ಅದರ ಎರಡು ಪಟ್ಟು ಆಗುತ್ತದೆ, ಅಷ್ಟೇ. ಎರಡು ಪಟ್ಟು ಅಂದರೆ ಕೇಳಲು ಜಾಸ್ತಿ ಅನ್ನಿಸುತ್ತದೆ, ಕಣ್ಣಿಗೆ ಮಾತ್ರ ಅದು ತೀರಾ ಸಣ್ಣ ಬದಲಾವಣೆ. ಮಂಜಿನಲ್ಲಂತೂ ಗೊತ್ತೇ ಆಗುವುದಿಲ್ಲ. ಬ್ರೇಕ್ ಒತ್ತಿದಿರೋ ಇಲ್ಲವೋ, ಹಿಂದಿನವನಿಗೆ ಎರಡೂ ಒಂದೇ. ಹಾಗಾಗಿ ಬಲ್ಬ್ ಕೊಳ್ಳುವಾಗ ಎಷ್ಟು ಬೆಳಕು ಅಂತ ಕೇಳಬೇಡಿ. ಟೇಲ್‌ಗೂ ಬ್ರೇಕ್‌ಗೂ ಎಷ್ಟು ವ್ಯತ್ಯಾಸ ಅಂತ ನೋಡಿ.

ನೋಡುವುದು ಸುಲಭ. ಸ್ಪೇರ್ಸ್ ಅಂಗಡಿಯಲ್ಲಿ ಬಲ್ಬ್ ಪರೀಕ್ಷೆಗೆ ಒಂದು ಬ್ಯಾಟರಿ ಇದ್ದೇ ಇರುತ್ತದೆ. ಹಚ್ಚಿ ತೋರಿಸಿ ಅನ್ನಿ. ಬಲ್ಬಿನ ತಳದಲ್ಲಿ ಎರಡು ಬೆಸುಗೆ ಚುಕ್ಕೆ ಇರುತ್ತವೆ. ಹಿತ್ತಾಳೆ ಮೈಗೆ ನೆಗೆಟಿವ್ ಹಿಡಿದು, ಪಾಸಿಟಿವ್ ಅನ್ನು ಮೊದಲು ಒಂದು ಚುಕ್ಕೆಗೆ, ಆಮೇಲೆ ಇನ್ನೊಂದಕ್ಕೆ ತಾಗಿಸಿದರೆ ಎರಡೂ ಬೆಳಕು ಗೊತ್ತಾಗುತ್ತವೆ. ನೇರ ನೋಡಬೇಡಿ, ಕಣ್ಣು ಕುಕ್ಕಿ ವ್ಯತ್ಯಾಸ ತಿಳಿಯುವುದಿಲ್ಲ. ಗೋಡೆಗೆ ಅಥವಾ ಅಂಗೈಗೆ ಬೀಳುವ ಬೆಳಕು ನೋಡಿ.

ನಮ್ಮ ಕಡೆ ಅಂಗಡಿಯಲ್ಲಿ ಎಲ್‌ಇಡಿ ಕೇಳಿದರೆ ಮೊದಲು ಕೈಗೆ ಕೊಡುವುದೇ ಮಿಣಿಮಿಣಿ ಅನ್ನುವ ಬಲ್ಬ್. "ತಗೊಳಿ ಅಣ್ಣ, ಬ್ರೇಕ್ ಹಿಡಿದ್ರೆ ಡಿಸ್ಕೋ ತರ ಹೊಡೀತದೆ, ಎಲ್ರೂ ಇದೇ ತಗೊಂಡು ಹೋಗೋದು" ಅಂತಾರೆ. "ಬೇಡ ಅಣ್ಣ, ನಿಂತು ಉರಿಯೋದು ಕೊಡಿ" ಅನ್ನುತ್ತೇನೆ ನಾನು. ಮಿಣುಕುವ ದೀಪ ದೂರದಿಂದ ಇಂಡಿಕೇಟರ್ ಹಾಗೆ ಕಾಣುತ್ತದೆ. ಮಂಜಿನಲ್ಲಿ ಅದರ ದೂರ ಅಳೆಯಲು ಕಣ್ಣಿಗೆ ಕಷ್ಟ, ಯಾಕೆಂದರೆ ಅದು ಆರಿದಾಗ ನೋಡಲು ಏನೂ ಉಳಿದಿರುವುದಿಲ್ಲ. ಬ್ರೇಕ್ ಲೈಟ್ ಒಂದೇ ಸಮ ಉರಿಯಬೇಕು.

ಇನ್ನು ಬಣ್ಣ. ಕೆಂಪು ಲೆನ್ಸಿನ ಹಿಂದೆ ಕೆಂಪು ಎಲ್‌ಇಡಿಯೇ ಇರಬೇಕು. ಬಿಳಿ ಎಲ್‌ಇಡಿಯ ಬೆಳಕಿನಲ್ಲಿ ನೀಲಿ, ಹಳದಿ ಪಾಲು ಜಾಸ್ತಿ, ಕಡು ಕೆಂಪು ಕಡಿಮೆ. ಕೆಂಪು ಲೆನ್ಸ್ ಮಿಕ್ಕದ್ದನ್ನೆಲ್ಲ ತಡೆದುಬಿಡುತ್ತದೆ. ಹೊರಗೆ ಬರುವುದು ಅಲ್ಪ, ಅದೂ ತಿಳಿ ಗುಲಾಬಿ. ಹಳೇ ತಂತಿ ಬಲ್ಬ್ ಬಿಳಿಯಾಗಿ ಕಂಡರೂ ಅದರಲ್ಲಿ ಕೆಂಪು ಧಾರಾಳವಾಗಿರುತ್ತದೆ, ಅದಕ್ಕೇ ಅದು ನಡೆಯುತ್ತಿತ್ತು.

ಕೆಂಪು ತಂದರೆ ಇನ್ನೊಂದು ತೊಡಕು. ಸ್ಪ್ಲೆಂಡರ್ ಥರದ ಗಾಡಿಗಳಲ್ಲಿ ಟೇಲ್ ಲೈಟಿನ ಕೆಳಗೆ ಒಂದು ಬಿಳಿ ಕಿಟಕಿ ಇರುತ್ತದೆ. ನಂಬರ್ ಪ್ಲೇಟಿಗೆ ಬೆಳಕು ಬರುವುದು ಅಲ್ಲಿಂದ. ಕೆಂಪು ಬಲ್ಬ್ ಹಾಕಿದರೆ ಪ್ಲೇಟೂ ಕೆಂಪಾಗುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 105ನೇ ನಿಯಮ ಈ ಬಗ್ಗೆ ಸ್ಪಷ್ಟವಾಗಿದೆ. ಹಿಂದಿನ ಕೆಂಪು ದೀಪ 155 ಮೀಟರ್ ದೂರದಿಂದ ಕಾಣಬೇಕು, ನಂಬರ್ ಪ್ಲೇಟಿಗೆ ಬಿಳಿ ಬೆಳಕೇ ಬೀಳಬೇಕು, 15 ಮೀಟರ್ ದೂರದಿಂದ ನಂಬರ್ ಓದಲು ಬರಬೇಕು. ಇದಕ್ಕೆ ಎರಡು ದಾರಿ. ಸುತ್ತ ಕೆಂಪು, ಕೆಳಗಿನ ಬದಿಗೆ ಮಾತ್ರ ಬಿಳಿ ಎಲ್‌ಇಡಿ ಇರುವ ಬಲ್ಬ್ ಸಿಗುತ್ತದೆ. ಅದು ಸಿಕ್ಕರೆ ಅದನ್ನೇ ತಗೊಳ್ಳಿ. ಇಲ್ಲದಿದ್ದರೆ ಪ್ಲೇಟಿಗೆ ಬೇರೆ ಸಣ್ಣ ಬಿಳಿ ದೀಪ ಕೂರಿಸಬೇಕು. ಅದನ್ನು ಮುಂದೆ ಹೇಳುತ್ತೇನೆ.

ಅಂಗಡಿಗೆ ಹೋಗುವಾಗ ಹಳೇ ಬಲ್ಬನ್ನು ಬಿಚ್ಚಿ ಜೇಬಿನಲ್ಲಿಟ್ಟುಕೊಂಡು ಹೋಗಿ. ಲೆನ್ಸಿನ ಎರಡು ಸ್ಟಾರ್ ಸ್ಕ್ರೂ ಬಿಚ್ಚಿ, ಬಲ್ಬನ್ನು ಒಳಕ್ಕೆ ಒತ್ತಿ ಎಡಕ್ಕೆ ತಿರುಗಿಸಿದರೆ ಬರುತ್ತದೆ. ಅದರ ಮೈಯಲ್ಲಿ ಎರಡು ಪಿನ್ ಇವೆ, ಎರಡೂ ಒಂದೇ ಎತ್ತರದಲ್ಲಿಲ್ಲ. ಈ ನಮೂನೆಗೆ ಬಿಎವೈ15ಡಿ ಅನ್ನುತ್ತಾರೆ, ಕೆಲವು ಪೊಟ್ಟಣಗಳ ಮೇಲೆ 1157 ಅಂತ ಇರುತ್ತದೆ. ಎರಡು ಪಿನ್ನೂ ಒಂದೇ ಎತ್ತರಕ್ಕಿದ್ದರೆ ಅದು ಇಂಡಿಕೇಟರ್ ನಮೂನೆಯ ಒಂಟಿ ತಂತಿ ಬಲ್ಬ್, ಇಲ್ಲಿಗೆ ಆಗುವುದಿಲ್ಲ. ಹೊಸ ಬಲ್ಬನ್ನು ಹಳೆಯದರ ಪಕ್ಕ ಇಟ್ಟು ಉದ್ದ ನೋಡಿ. ಉದ್ದ ಜಾಸ್ತಿಯಿದ್ದರೆ ಲೆನ್ಸಿಗೆ ತಾಗುತ್ತದೆ. ಎಲ್‌ಇಡಿ ಚಿಪ್‌ಗಳು ತುದಿಯಲ್ಲಿ ಮಾತ್ರ ಇರಬಾರದು, ಸುತ್ತಲೂ ಇರಬೇಕು. ಹಿಂದಿನ ಹೊಳೆಯುವ ಬಟ್ಟಲಿಗೆ ಬದಿಯಿಂದ ಬೆಳಕು ಬಿದ್ದರೇ ಇಡೀ ಲೆನ್ಸ್ ಬೆಳಗುವುದು. ಇಲ್ಲದಿದ್ದರೆ ನಡುವೆ ಒಂದು ಚುಕ್ಕೆ ಕಾಣುತ್ತದೆ, ಅಷ್ಟೇ.

ಬೆಂಗಳೂರಿನವರಾದರೆ ಬಲ್ಬಿಗೆ ಜೆ.ಸಿ. ರೋಡ್, ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವುದು), ರೆಸಿಸ್ಟರ್ (ಕರೆಂಟಿಗೆ ತಡೆ ಹಾಕುವುದು) ಥರದ ಬಿಡಿ ಸಾಮಾನಿಗೆ ಎಸ್.ಪಿ. ರೋಡ್. ಬೇರೆ ಊರಿನವರಿಗೆ ಟಿವಿ ರಿಪೇರಿ ಅಂಗಡಿಯಲ್ಲೂ ಈ ಬಿಡಿ ಸಾಮಾನು ಸಿಗುತ್ತದೆ.

ಹಳೇ ಬಲ್ಬಿನ ಮೇಲೆ 21/5 ಬದಲು 10/5 ವ್ಯಾಟ್ ಅಂತ ಇದ್ದರೂ ಗಾಬರಿ ಬೇಡ. ಕಿಕ್ ಸ್ಟಾರ್ಟ್ ಗಾಡಿಗಳ ಸಣ್ಣ ಬ್ಯಾಟರಿಗೆ ಭಾರ ಆಗಬಾರದು ಅಂತ ಹಾಗೆ ಕೊಡುತ್ತಿದ್ದರು. ಇಂಥ ಗಾಡಿಗೇ ಎಲ್‌ಇಡಿಯಿಂದ ಲಾಭ ಜಾಸ್ತಿ. 21 ವ್ಯಾಟಿನ ತಂತಿ 1.75 ಆಂಪಿಯರ್ ಎಳೆಯುತ್ತದೆ, 3 ವ್ಯಾಟಿನ ಎಲ್‌ಇಡಿ 0.25 ಆಂಪಿಯರ್ ಮಾತ್ರ. ನನ್ನ ಗಾಡಿಯ ಬ್ಯಾಟರಿ ಬರೀ 2.5 ಆಂಪಿಯರ್ ಅವರ್‌ನದ್ದು. ಘಾಟಿ ಇಳಿಯುವಾಗ ಕಾಲು ಬ್ರೇಕಿನ ಮೇಲೇ ಇರುತ್ತದೆ, ಅಲ್ವಾ? ಇಂಜಿನ್ ವೇಗ ಇಳಿದಾಗ ಚಾರ್ಜೂ ಅಷ್ಟಕ್ಕಷ್ಟೇ. ಆಗ ಈ ಉಳಿತಾಯ ಕೆಲಸಕ್ಕೆ ಬರುತ್ತದೆ. 6 ವೋಲ್ಟಿನ ಹಳೇ ಜಾವಾ ಇಟ್ಟುಕೊಂಡವರು ಮಾತ್ರ 12 ವೋಲ್ಟಿನ ಎಲ್‌ಇಡಿ ತರಬೇಡಿ, ಅದು ಸರಿಯಾಗಿ ಹತ್ತುವುದಿಲ್ಲ.

ಈಗ ಹಳೇ ಗಾಡಿಗಳ ಮುಖ್ಯ ವಿಷಯ. ಬ್ರೇಕ್ ಲೈಟ್, ಹಾರ್ನ್, ಇಂಡಿಕೇಟರ್ ಬ್ಯಾಟರಿಯ ಡಿಸಿಯಲ್ಲಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಿನಲ್ಲಿ ನಡೆಯುತ್ತವೆ. ಹೆಡ್‌ಲೈಟ್ ಮತ್ತು ಟೇಲ್ ಲೈಟ್ ಮಾತ್ರ ಇಂಜಿನ್ ತಿರುಗಿದಾಗ ಮ್ಯಾಗ್ನೆಟ್ ಕಾಯಿಲ್‌ನಿಂದ ಬರುವ ಎಸಿಯಲ್ಲಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟಿನಲ್ಲಿ ನಡೆಯುತ್ತವೆ. ಆಕ್ಸಿಲರೇಟರ್ ತಿರುಗಿಸಿದಂತೆ ಹೆಡ್‌ಲೈಟ್ ಏರಿ ಇಳಿಯುವುದು ಇದಕ್ಕೇ. ತಂತಿ ಬಲ್ಬಿಗೆ ಎಸಿ ಆದರೇನು, ಡಿಸಿ ಆದರೇನು, ಕಾದರೆ ಸಾಕು. ಎಲ್‌ಇಡಿಯಲ್ಲಿ ಕರೆಂಟ್ ಒಂದೇ ದಿಕ್ಕಿಗೆ ಹರಿಯುತ್ತದೆ. ಎಸಿ ಕೊಟ್ಟರೆ ಐಡಲ್‌ನಲ್ಲಿ ನಡುಗುತ್ತದೆ, ಉಲ್ಟಾ ವೋಲ್ಟೇಜ್ ತಿಂದು ಬೇಗ ಸಾಯುತ್ತದೆ. "ಎಲ್‌ಇಡಿ ಬಾಳಿಕೆ ಬರಲ್ಲ" ಅನ್ನುವ ದೂರಿನ ಹಿಂದೆ ಬಹಳ ಸಲ ಇರುವುದು ಇದೇ ಕಾರಣ.

ನಿಮ್ಮ ಗಾಡಿ ಯಾವ ಥರದ್ದು ಅಂತ ನೋಡಲು ಇಂಜಿನ್ ಆಫ್ ಇರುವಾಗ ಕೀ ಹಾಕಿ ಲೈಟ್ ಸ್ವಿಚ್ ಒತ್ತಿ. ಟೇಲ್ ಲೈಟ್ ಹತ್ತಿದರೆ ಡಿಸಿ, ನಿಮ್ಮ ಕೆಲಸ ಸಲೀಸು. ಇಂಜಿನ್ ಓಡಿದರಷ್ಟೇ ಹತ್ತಿದರೆ ಎಸಿ ಇರುವ ಸಾಧ್ಯತೆ ಜಾಸ್ತಿ. ಮಲ್ಟಿಮೀಟರ್ ಇಟ್ಟು ಖಚಿತ ಮಾಡಿಕೊಳ್ಳಿ. 2017ರ ಏಪ್ರಿಲ್‌ನಿಂದ ಬಂದ ಗಾಡಿಗಳಲ್ಲಿ ಇಂಜಿನ್ ಶುರುವಾದ ಕೂಡಲೇ ಹೆಡ್‌ಲೈಟ್ ತಾನೇ ಹತ್ತುತ್ತದೆ, ಸ್ವಿಚ್ ಇರುವುದಿಲ್ಲ. ಅವುಗಳಿಗೆ ಮೀಟರೇ ಗತಿ.

ಎಸಿ ಇದ್ದರೆ ಒಳಗೇ ಬ್ರಿಡ್ಜ್ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಬಿಡಿಭಾಗ) ಇರುವ, ಎಸಿ–ಡಿಸಿ ಎರಡಕ್ಕೂ ಆಗುತ್ತದೆ ಅಂತ ಬರೆದಿರುವ ಬಲ್ಬ್ ತರಬಹುದು. ನನಗೆ ಹಿಡಿಸಿದ್ದು ಇನ್ನೊಂದು ದಾರಿ, ಟೇಲ್ ಲೈಟನ್ನೇ ಡಿಸಿಗೆ ತರುವುದು. 5 ವ್ಯಾಟಿನ ತಂತಿ ಬಲ್ಬನ್ನು ಹೀಗೆ ಬ್ಯಾಟರಿಗೆ ಹಾಕಿದರೆ ಸಣ್ಣ ಬ್ಯಾಟರಿಗೆ ಹೊರೆ. ಒಂದು ವ್ಯಾಟಿನ ಎಲ್‌ಇಡಿಗೆ ಆ ಚಿಂತೆ ಇಲ್ಲ. ಇಂಜಿನ್ ಆಫ್ ಆದರೂ ಕೀ ಇರುವವರೆಗೆ ಹಿಂದಿನ ದೀಪ ಉರಿಯುತ್ತದೆ. ಘಾಟಿಯಲ್ಲಿ ಲಾರಿ ಸಾಲು ನಿಂತಾಗ ಇಂಜಿನ್ ಆರಿಸಿ ಕಾಯುತ್ತೇವೆ. ಆಗಲೂ ಹಿಂದಿನಿಂದ ಬರುವವರಿಗೆ ನಾವಿರುವುದು ಕಾಣುತ್ತದೆ.

ಹೀರೋ ಹೋಂಡಾದಲ್ಲಿ ವೈರಿನ ಬಣ್ಣಗಳು ಹೋಂಡಾ ಪದ್ಧತಿಯವು. ಹಸಿರು ಅರ್ಥ್. ಕಂದು ಟೇಲ್ ಲೈಟ್. ಹಸಿರಿನ ಮೇಲೆ ಹಳದಿ ಗೆರೆ ಬ್ರೇಕ್ ಲೈಟ್. ಕಪ್ಪು ಅಂದರೆ ಕೀ ಹಾಕಿದಾಗ ಬರುವ ಪಾಸಿಟಿವ್. ಮನೆ ವೈರಿಂಗಿನಲ್ಲಿ ಕಪ್ಪನ್ನು ನ್ಯೂಟ್ರಲ್ ಅಂತ ನೋಡಿ ಅಭ್ಯಾಸವಾದವರು ಇಲ್ಲಿ ಎಚ್ಚರವಾಗಿರಬೇಕು. ಬೇರೆ ಕಂಪನಿಯ ಗಾಡಿಯಲ್ಲಿ ಬಣ್ಣ ಬೇರೆ ಇರುತ್ತದೆ. ಹಳೇ ಗಾಡಿಗೆ ಯಾರಾದರೂ ಕೈಗೆ ಸಿಕ್ಕ ವೈರ್ ಜೋಡಿಸಿರಬಹುದು. ಬಣ್ಣ ನಂಬಬೇಡಿ, ಮೀಟರ್ ಇಟ್ಟೇ ನೋಡಿ.

ಕಪ್ಪು ವೈರ್ ಸುಲಭವಾಗಿ ಸಿಗುವುದು ಹಿಂದಿನ ಬ್ರೇಕಿನ ಸ್ವಿಚ್ ಬಳಿ. ಬಲಗಡೆ ಪೆಡಲಿನ ಮೇಲೆ, ಸ್ಪ್ರಿಂಗ್‌ಗೆ ಸಿಕ್ಕಿಸಿದ ಸಣ್ಣ ಸ್ವಿಚ್ ಅದು. ಅದಕ್ಕೆ ಎರಡೇ ವೈರ್, ಒಂದು ಕಪ್ಪು, ಇನ್ನೊಂದು ಹಸಿರು–ಹಳದಿ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಕಪ್ಪು ವೈರಿನಿಂದ ಒಂದು ಕವಲು ತೆಗೆದು ಚಾಸಿಸ್ ಪಕ್ಕದಲ್ಲಿ ಟೇಲ್ ಲೈಟಿನವರೆಗೆ ಎಳೆಯಿರಿ. ಅಲ್ಲಿ ಹೋಲ್ಡರಿಗೆ ಬರುವ ಕಂದು ವೈರನ್ನು ಕನೆಕ್ಟರ್‌ನಲ್ಲಿ ಬಿಡಿಸಿ, ಹೊಸ ವೈರನ್ನು ಹೋಲ್ಡರ್ ಕಡೆಯ ತುದಿಗೆ ಸೇರಿಸಿ. ಹಾರ್ನೆಸ್ (ಗಾಡಿಯ ವೈರ್ ಕಟ್ಟು) ಕಡೆಯಿಂದ ಬರುವ ಕಂದು ತುದಿಯಲ್ಲಿ ಇನ್ನೂ ಎಸಿ ಇದೆ, ಅದನ್ನು ಚೆನ್ನಾಗಿ ಮುಚ್ಚಬೇಕು. ಜೋಡಿಗೆ ಬೆಸುಗೆ ಹಾಕಿ ಮೇಲೆ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ. ಬರೀ ತಿರುಚಿ ಟೇಪ್ ಸುತ್ತಿದರೆ ನಮ್ಮ ಕಡೆಯ ಮಳೆಗೆ ತಡೆಯುವುದಿಲ್ಲ. ನೀರು ಹೊಕ್ಕು ತಾಮ್ರ ಹಸಿರಾಗುತ್ತದೆ. ವೈರ್ ಸೀಟಿನ ಕೆಳಗೆ, ಮಡ್‌ಗಾರ್ಡ್ ಅಂಚಿನಲ್ಲಿ ಉಜ್ಜದ ಹಾಗೆ ಸ್ವಲ್ಪ ಸಡಿಲ ಬಿಟ್ಟು ಕಟ್ಟಿ.

ಹೊಸ ಬಲ್ಬ್ ಹಾಕುವ ಮುಂಚೆ ಚಾರ್ಜಿಂಗ್ ನೋಡಿಕೊಳ್ಳಿ. ಬ್ಯಾಟರಿಯ ಮೇಲೆ ಮೀಟರ್ ಇಟ್ಟು ಇಂಜಿನ್ ಏರಿಸಿದಾಗ ಸುಮಾರು 14 ವೋಲ್ಟ್ ಇರಬೇಕು. 15 ದಾಟಿ ಏರುತ್ತಲೇ ಹೋದರೆ ಆರ್‌ಆರ್ ಯೂನಿಟ್ (ಚಾರ್ಜಿಂಗ್ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್–ರೆಕ್ಟಿಫೈಯರ್) ಕೆಟ್ಟಿದೆ ಅಥವಾ ಬ್ಯಾಟರಿ ಸತ್ತಿದೆ. ಕಿಕ್ ಸ್ಟಾರ್ಟ್ ಗಾಡಿ ಬ್ಯಾಟರಿ ಸತ್ತರೂ ಓಡುತ್ತದೆ, ಹಾಗಾಗಿ ಗಮನಕ್ಕೇ ಬಂದಿರುವುದಿಲ್ಲ. ಅದನ್ನು ಸರಿ ಮಾಡದೆ ಎಲ್‌ಇಡಿ ಹಾಕಿದರೆ ದುಡ್ಡು ದಂಡ.

ಹೋಲ್ಡರಿನ ಒಳಗೆ ಸ್ಯಾಂಡ್ ಪೇಪರ್ ಆಡಿಸಿ ತುಕ್ಕು ತೆಗೆಯಿರಿ. ತಳದ ಎರಡು ಸ್ಪ್ರಿಂಗ್ ಪಾಯಿಂಟ್ ಒತ್ತಿದರೆ ಮೇಲೆ ಬರಬೇಕು. ಬೆರಳ ತುದಿಯಷ್ಟು ವ್ಯಾಸಲೀನ್ ಸವರಿ. ಬಲ್ಬನ್ನು ಪಿನ್ ನೋಡಿಕೊಂಡು ಕೂರಿಸಿ, ಒತ್ತಿ, ಬಲಕ್ಕೆ ತಿರುಗಿಸಿ. ಸಲೀಸಾಗಿ ಹೋಗದಿದ್ದರೆ ಪಿನ್ ಅದಲು ಬದಲಾಗಿದೆ. ಜೋರು ಮಾಡಿ ತುರುಕಿದರೆ ಟೇಲ್ ಲೈಟ್ ಬ್ರೇಕ್ ಆಗಿ, ಬ್ರೇಕ್ ಟೇಲ್ ಆಗಿ ಉರಿಯುತ್ತದೆ. ಬ್ರೇಕ್ ಲೈಟಿಗೆ ಹೊಸ ಫ್ಲಾಷರ್ ರಿಲೇ ಏನೂ ಬೇಡ. ಅದು ಇಂಡಿಕೇಟರನ್ನು ಎಲ್‌ಇಡಿ ಮಾಡುವವರಿಗೆ ಮಾತ್ರ.

ಟೇಲ್ ಲೈಟ್ ಮೊದಲಿಂದಲೂ ಡಿಸಿ ಇರುವ ಗಾಡಿಯಲ್ಲಿ ಒಂದು ವಿಚಿತ್ರ ಕಾಣಬಹುದು. ಹಗಲು ಬ್ರೇಕ್ ಒತ್ತಿದರೆ ಸ್ಪೀಡೋಮೀಟರಿನ ದೀಪ ಮಂದವಾಗಿ ಹತ್ತುತ್ತದೆ. ಬಲ್ಬಿನೊಳಗೆ ಎರಡು ಲೈನಿನ ನಡುವೆ ಡಯೋಡ್ ಹಾಕದೆ ಉಳಿಸಿದ್ದಾರೆ ಅಂತ ಅರ್ಥ. ಬ್ರೇಕಿನ ಕರೆಂಟ್ ಟೇಲ್ ಲೈನಿಗೆ ವಾಪಸ್ ಹರಿಯುತ್ತಿದೆ. ಟೇಲ್ ವೈರಿಗೆ ಒಂದು 1ಎನ್4007 ಡಯೋಡ್ ಸೇರಿಸಿ, ಬೆಳ್ಳಿ ಗೆರೆ ಬಲ್ಬಿನ ಕಡೆ ಬರುವಂತೆ. ನಿಂತುಹೋಗುತ್ತದೆ.

ನಂಬರ್ ಪ್ಲೇಟಿನ ದೀಪಕ್ಕೆ 5 ಮಿಲಿಮೀಟರಿನ ಮೂರು ಬಿಳಿ ಎಲ್‌ಇಡಿಗಳನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ನೆಗೆಟಿವ್ ಮುಂದಿನದರ ಪಾಸಿಟಿವ್‌ಗೆ ಸೇರುವಂತೆ ಜೋಡಿಸಿ, ಜೊತೆಗೆ 330 ಓಮ್‌ನ ಒಂದು ರೆಸಿಸ್ಟರ್. ಲೆಕ್ಕ ಹೀಗಿದೆ: ಒಂದೊಂದು ಎಲ್‌ಇಡಿಗೆ ಸುಮಾರು 3.2 ವೋಲ್ಟ್, ಮೂರಕ್ಕೆ 9.6. ಚಾರ್ಜ್ ಆಗುವಾಗ 14.4 ವೋಲ್ಟ್ ಅಂದುಕೊಂಡರೆ ಉಳಿದ 4.8 ವೋಲ್ಟನ್ನು ರೆಸಿಸ್ಟರ್ ತಡೆಯುತ್ತದೆ, 15 ಮಿಲಿಆಂಪಿಯರ್‌ನಷ್ಟು ಹರಿಯುತ್ತದೆ. ಕಾಲು ವ್ಯಾಟಿನ ರೆಸಿಸ್ಟರ್ ಸಾಕು. ಇದನ್ನು ಟೇಲ್ ಲೈಟಿನ ಹೊಸ ಡಿಸಿ ವೈರಿಗೇ ಸೇರಿಸಿ. ಬೆಳಕು ಪ್ಲೇಟಿನ ಮೇಲೆ ಬೀಳಬೇಕು, ಹಿಂದಿನವನ ಕಣ್ಣಿಗೆ ಬಿಳಿ ಬೆಳಕು ನೇರ ಹೊಡೆಯಬಾರದು. ಹಾಗಾಗಿ ಪ್ಲೇಟಿನ ಮೇಲಂಚಿನ ಮರೆಯಲ್ಲಿ ಕೆಳಮುಖವಾಗಿ ಕೂರಿಸಿ. ಕೆಂಪು ಬಲ್ಬಿನ ಬೆಳಕು ಬೀಳುವ ಹಳೇ ಕಿಟಕಿಯನ್ನು ಒಳಗಿನಿಂದ ಕಪ್ಪು ಟೇಪಿನಿಂದ ಮುಚ್ಚಿಬಿಡಿ.

ಎಲ್ಲ ಆದ ಮೇಲೆ ಪರೀಕ್ಷೆ. ಮನೆಯಲ್ಲಿ ಯಾರನ್ನಾದರೂ ಗಾಡಿಯ ಮೇಲೆ ಕೂರಿಸಿ ನೀವು ಹಿಂದೆ ಹೋಗಿ ನಿಂತುಕೊಳ್ಳಿ. ಐವತ್ತು ಹೆಜ್ಜೆ ದೂರ ಇರಲಿ. ಎರಡು ಸಲ ನೋಡಬೇಕು. ಒಮ್ಮೆ ಮಧ್ಯಾಹ್ನ, ಬಿಸಿಲು ಲೆನ್ಸಿನ ಮೇಲೆ ಬೀಳುವಾಗ. ಇನ್ನೊಮ್ಮೆ ಕತ್ತಲಾದ ಮೇಲೆ, ಟೇಲ್ ಲೈಟ್ ಹಾಕಿಕೊಂಡು. ರಾತ್ರಿ ನಿಮಗೆ ಹೇಳದೆಯೇ ಬ್ರೇಕ್ ಒತ್ತಲು ಹೇಳಿ. ಒತ್ತಿದ ಪ್ರತಿ ಸಲವೂ ನಿಮಗೆ ತಟ್ಟನೆ ಗೊತ್ತಾಗಬೇಕು. ಎಡಕ್ಕೆ, ಬಲಕ್ಕೆ ಸರಿದು ಓರೆಯಿಂದಲೂ ನೋಡಿ. ಘಾಟಿ ತಿರುವಿನಲ್ಲಿ ಹಿಂದಿನವನು ನಮ್ಮನ್ನು ನೋಡುವುದು ಓರೆಯಿಂದಲೇ. ಯೋಚಿಸಿ ಹೇಳಬೇಕಾಗಿ ಬಂದರೆ ಆ ಬಲ್ಬ್ ಬೇಡ. ತೆಗೆದು ಹಳೇ ತಂತಿ ಬಲ್ಬನ್ನೇ ಹಾಕಿ. ಡಿಸಿಗೆ ತಂದಿದ್ದರೆ ಟೇಲ್ ವೈರನ್ನು ಮತ್ತೆ ಕಂದು ವೈರಿಗೆ ಸೇರಿಸಿ. ನಿಧಾನವಾದರೂ ಅದು ಸ್ಪಷ್ಟವಾಗಿ ಮಾತಾಡುತ್ತದೆ.

ಬ್ರೇಕ್ ಸ್ವಿಚ್ ತಡವಾಗಿ ಹತ್ತುತ್ತಿದ್ದರೆ ಎಲ್‌ಇಡಿ ಉಳಿಸಿದ 0.2 ಸೆಕೆಂಡ್ ಅಲ್ಲೇ ಹೋಯಿತು. ಪೆಡಲ್ ಸ್ವಲ್ಪ ಒತ್ತಿದಾಗ, ಬ್ರೇಕ್ ಹಿಡಿಯುವುದಕ್ಕಿಂತ ಒಂದು ಕೂದಲೆಳೆ ಮುಂಚೆ ದೀಪ ಹತ್ತಬೇಕು. ಬ್ರೇಕ್ ಶೂ ಸವೆದು ಬ್ರೇಕ್ ಟೈಟ್ ಮಾಡಿದಾಗಲೆಲ್ಲ ಇದು ಏರುಪೇರಾಗುತ್ತದೆ. ಸರಿ ಮಾಡುವಾಗ ಸ್ವಿಚ್ಚಿನ ಮೈಯನ್ನು ಕೈಯಲ್ಲಿ ಹಿಡಿದು ನಟ್ ಮಾತ್ರ ತಿರುಗಿಸಿ. ಸ್ವಿಚ್ಚೇ ತಿರುಗಿದರೆ ವೈರ್ ಬುಡದಲ್ಲಿ ತುಂಡಾಗುತ್ತದೆ. ಮುಂದಿನ ಬ್ರೇಕಿಗೂ ಸ್ವಿಚ್ ಇರುವ ಗಾಡಿಯಾದರೆ ಲಿವರ್ ಬರೀ ಒಂದು ಬೆರಳಿನಲ್ಲಿ ಎಳೆದು ಅದನ್ನೂ ನೋಡಿ.

ಮಲೆನಾಡಿನವರು ಒಂದು ವಿಷಯ ಗಮನಿಸಬೇಕು. ತಂತಿ ಬಲ್ಬ್ ಬಿಸಿಯಾಗುತ್ತಿತ್ತು, ಲೆನ್ಸಿನ ಒಳಗೆ ಕೂತ ತೇವ ಆ ಬಿಸಿಗೆ ಒಣಗುತ್ತಿತ್ತು. ಎಲ್‌ಇಡಿ ತಣ್ಣಗಿರುತ್ತದೆ. ಒಳಗೆ ಹೋದ ನೀರು ಅಲ್ಲೇ ನಿಲ್ಲುತ್ತದೆ, ಲೆನ್ಸ್ ಮಂಜುಗಟ್ಟುತ್ತದೆ. ಲೆನ್ಸ್ ಬಿಚ್ಚಿದಾಗಲೇ ರಬ್ಬರ್ ಗ್ಯಾಸ್ಕೆಟ್ ನೋಡಿ, ಬಿರುಕು ಬಿಟ್ಟಿದ್ದರೆ ಬದಲಿಸಿ. ಕೆಳಗೆ ನೀರು ಇಳಿಯುವ ತೂತು ಕೆಸರಿನಿಂದ ಮುಚ್ಚಿರುತ್ತದೆ, ಅದನ್ನು ಒಂದು ಕಡ್ಡಿಯಿಂದ ಬಿಡಿಸಿ. ಸ್ಕ್ರೂ ಹದವಾಗಿ ಬಿಗಿಯಿರಿ, ಜಾಸ್ತಿ ತಿರುಗಿಸಿದರೆ ಲೆನ್ಸ್ ಕಿವಿ ಮುರಿಯುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಲೆನ್ಸ್ ಬಿಚ್ಚಿ ಒಳಗೆ ಒಣ ಬಟ್ಟೆ ಆಡಿಸಿ. ಹಳೇ ಬಲ್ಬನ್ನು ಬಟ್ಟೆಯಲ್ಲಿ ಸುತ್ತಿ ಸೈಡ್ ಕವರಿನೊಳಗೆ ಇಟ್ಟುಕೊಂಡಿರಿ. ದಾರಿಯಲ್ಲಿ ಎಲ್‌ಇಡಿ ಕೈಕೊಟ್ಟರೆ ಅದೇ ಹೋಲ್ಡರಿಗೆ ಇದು ಕೂರುತ್ತದೆ, ಊರು ಸೇರುವವರೆಗೆ ನಡೆಯುತ್ತದೆ.